ಡಿಸ್ಕ್ ಬ್ರೇಕಿಗೆ ಕೀಲೆಣ್ಣೆ

ನನಗೊಂದು ಚಾಳಿಯಿದೆ. ಎಲ್ಲಾದರೂ ಸೈಕಲ್ ನಿಂತಿರುವುದು ಕಂಡರೆ ಸಾಕು, ಹತ್ತಿರ ಹೋಗಿ ಹೆಬ್ಬೆರಳಿನಲ್ಲಿ ಅದರ ಟೈರು ಒತ್ತಿ ನೋಡುತ್ತೇನೆ. ಅದು ಯಾರದು, ಅಲ್ಲೇಕೆ ನಿಂತಿದೆ, ಒತ್ತಿ ನನಗೇನಾಗಬೇಕು ಎಂಬ ವಿಚಾರವೇ ಆ ಹೊತ್ತಿಗೆ ತಲೆಗೆ ಬರುವುದಿಲ್ಲ. ಸಂತೆಯಲ್ಲಿ ಹೆಂಗಸರು ಬದನೆಕಾಯಿ ಒತ್ತಿ ನೋಡುವಷ್ಟೇ ಸಹಜವಾಗಿ ನನ್ನ ಬೆರಳು ಟೈರಿಗೆ ಹೋಗುತ್ತದೆ. ಗಾಳಿ ಕಮ್ಮಿಯಿದ್ದರೆ ದಿನವಿಡೀ ಮನಸ್ಸಿಗೆ ಕಸಿವಿಸಿ. ಸರಿಯಾಗಿದ್ದರೆ ಆ ಗುರುತಿಲ್ಲದ ಮನುಷ್ಯನ ಮೇಲೆ ಗೌರವ ಬರುತ್ತದೆ. ಮೊನ್ನೆ ಪಾಂಡವಪುರದ ಕಲ್ಯಾಣಮಂಟಪವೊಂದರ ಮುಂದೆ ಹೀಗೆ ಒತ್ತುತ್ತಿದ್ದಾಗ ಹಿಂದಿನಿಂದ ಯಾರೋ, "ಯಾಕ್ ಸಾರ್, ಗಾಳಿ ಬುಡಕ್ಕೆ ಬಂದ್ರಾ?" ಎಂದು ಕೇಳಿದರು. "ಇಲ್ಲಪ್ಪ, ಗಾಳಿ ಇದೆಯಾ ಅಂತ ನೋಡ್ದೆ" ಎಂದೆ. "ಇರೋದು ಕಣ್ಣಿಗೇ ಕಾಣ್ತದಲ್ಲ ಸಾರ್" ಎಂದರು. ಅದೂ ನಿಜವೇ. ನನ್ನ ಹೆಂಡತಿ ವಿಮಲ ಪಕ್ಕದಲ್ಲೇ ಇದ್ದಳು. ಊಟಕ್ಕೆ ಕೂರುವಾಗ ನನ್ನಿಂದ ಎರಡು ಎಲೆ ಆಚೆ ಹೋಗಿ ಕೂತಳು.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಗುಡ್ಡ ಹತ್ತುವ ಸೈಕಲ್ಲೊಂದನ್ನು ಬಿಡಿಬಿಡಿಯಾಗಿ ಜೋಡಿಸಲು ಹೊರಟ ಮೇಲೆ ಅಂಟಿಕೊಂಡದ್ದು.

ನಾನು ಡ್ರಾಯಿಂಗ್ ಮೇಷ್ಟ್ರು. ಮನೆ ಬಾಬುರಾಯನಕೊಪ್ಪಲಿನಲ್ಲಿ, ಕೆಲಸ ಪಾಂಡವಪುರದಲ್ಲಿ. ಪ್ರತಿ ವರ್ಷ ಮಕ್ಕಳಿಗೆ ಸೈಕಲ್ ಚಿತ್ರ ಬರೆಯಲು ಹೇಳುತ್ತೇನೆ. ಪ್ರತಿ ವರ್ಷವೂ ಅರ್ಧಕ್ಕರ್ಧ ಮಕ್ಕಳು ಪೆಡಲಿನಿಂದ ಮುಂದಿನ ಚಕ್ರಕ್ಕೆ ಚೈನು ಹಾಕುತ್ತಾರೆ. ಕೆಲವು ಧಾರಾಳಿಗಳು ಎರಡೂ ಚಕ್ರಕ್ಕೆ ಹಾಕುತ್ತಾರೆ. ದಿನಾ ಅದೇ ಸೈಕಲ್ ತುಳಿದುಕೊಂಡು ಬರುವ ಮಕ್ಕಳು ಇವರು. ನಗಬೇಡಿ, ನೀವೂ ಒಂದು ಸಲ ಸೈಕಲ್ ನೋಡದೆ ಬರೆದು ನೋಡಿ. ನಮ್ಮ ಕಾಲ ಕೆಳಗೇ ಇರುವುದನ್ನು ನಾವು ಸರಿಯಾಗಿ ನೋಡಿರುವುದಿಲ್ಲ. ನಾನಂತೂ ಬೋರ್ಡಿನ ಮೇಲೆ ಸೈಕಲ್ ತಿದ್ದಿ ತಿದ್ದಿಯೇ ಅದರ ಮೋಹಕ್ಕೆ ಬಿದ್ದೆ ಎಂದು ಕಾಣುತ್ತದೆ. ಸೀಮೆಸುಣ್ಣದ ಸೈಕಲ್ ಎಷ್ಟು ಬರೆದರೂ ಅದನ್ನು ಹತ್ತಲಾಗುವುದಿಲ್ಲವಲ್ಲ.

ನನಗೆ ಬೇಕಾಗಿದ್ದ ಜಾತಿಯ ಸೈಕಲ್ಲಿಗೆ ಹಾರ್ಡ್‌ಟೇಲ್ ಎನ್ನುತ್ತಾರೆ. ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಫೋರ್ಕು ಇರುತ್ತದೆ, ಹಿಂದಿನದಕ್ಕೆ ಏನೂ ಇರುವುದಿಲ್ಲ. ಹಳ್ಳ ಬಂದರೆ ಕೈಗೆ ಸುಖ, ಕುಂಡಿಗೆ ಕಷ್ಟ. ಇದನ್ನು ವಿಮಲಳಿಗೆ ವಿವರಿಸಿದಾಗ, "ಕೊಳ್ಳೋದೇ ಆದ್ರೆ ಎರಡೂ ಕಡೆ ಸುಖ ಇರೋದನ್ನೇ ಕೊಳ್ಳಬಾರದಾ?" ಎಂದಳು. ಹಿಂದೆಯೂ ಸ್ಪ್ರಿಂಗಿದ್ದರೆ ಏರು ಹತ್ತುವಾಗ ತುಳಿದ ಶಕ್ತಿಯೆಲ್ಲ ಸ್ಪ್ರಿಂಗಿಗೇ ಹೋಗುತ್ತದೆ, ತೂಕ ಜಾಸ್ತಿ, ಕೆಡುವುದೂ ಜಾಸ್ತಿ; ಇದಾದರೆ ಟಾರು ರಸ್ತೆಗೂ ಸೈ, ನಾಲೆ ಏರಿಗೂ ಸೈ, ಕಲ್ಲುಗುಡ್ಡಕ್ಕೂ ಸೈ ಎಂದು ನಾನು ಭಾಷಣವನ್ನೇ ಮಾಡಿದೆ. ಅವಳು ಹುಣಸೆಹಣ್ಣು ಕಿವುಚುತ್ತಾ ಕೇಳಿಸಿಕೊಂಡು, "ನಿಮ್ಮ ಹಳೇ ಸೈಕಲ್ ಇವೆಲ್ಲಕ್ಕೂ ಹೋಗ್ತಾ ಇತ್ತಲ್ಲ" ಎಂದಳು. ಹೆಂಡತಿಯರಿಗೆ ನೆನಪು ಬಹಳ.

ಮೊದಲು ಸಿಕ್ಕಿದ್ದು ಬರೀ ಫ್ರೇಮು. ಕೆ.ಆರ್. ಪೇಟೆಯಲ್ಲಿ ವಿಮಲಳ ದೊಡ್ಡಮ್ಮನ ಮಗನೊಬ್ಬನಿದ್ದಾನೆ. ತೂಕ ಇಳಿಸುತ್ತೇನೆಂದು ಯಾವುದೋ ಹುಮ್ಮಸ್ಸಿನಲ್ಲಿ ಅಂಥ ಸೈಕಲ್ ಕೊಂಡಿದ್ದ. ನಾವು ಹೋದಾಗ ಅದು ಮಹಡಿಯ ಮೇಲೆ ಒದ್ದೆ ಪಂಚೆ, ಲಂಗಗಳ ಅಡಿಯಲ್ಲಿ ನಿಂತಿತ್ತು. ತೂಕವೇನೋ ಇಳಿದಿತ್ತು, ಆದರೆ ಸೈಕಲ್ಲಿನದು. ಸೀಟು ಯಾರೋ ಒಯ್ದಿದ್ದರು, ಚಕ್ರಗಳನ್ನು ಇನ್ಯಾರೋ ಬಿಚ್ಚಿದ್ದರು. ಕೊಡುತ್ತೀಯಾ ಎಂದಿದ್ದಕ್ಕೆ, "ತಗಂಡೋಗಿ ಬಾವ. ಆದ್ರೆ ಬಟ್ಟೆ ಒಣಗಾಕಕ್ಕೆ ಏನಾರ ತಂದ್ಕೊಟ್ಬುಡಿ" ಎಂದ. ಬಟ್ಟೆ ಒಣಗಿಸುವ ಸ್ಟ್ಯಾಂಡೊಂದನ್ನು ಪೇಟೆಯಿಂದ ತಂದುಕೊಟ್ಟು ಫ್ರೇಮನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಅಜ್ಜಿ ದಾರಿಯುದ್ದಕ್ಕೂ ಅದನ್ನೇ ನೋಡಿ ನೋಡಿ, ಇಳಿಯುವಾಗ ವಿಮಲಳ ಕೈ ಸವರಿ, "ಓಗ್ಲಿ ಬುಡವ್ವ, ಕುಡಿಯಕ್ಕಿಲ್ಲ ತಾನೆ?" ಎಂದಳು.

ಅದನ್ನು ಸೈಕಲ್ ಮಾಡಿದ್ದು ಶ್ರೀರಂಗಪಟ್ಟಣದ ಪೇಟೆಬೀದಿಯ ಖಲೀಲ್ ಭಾಯಿಯ ಅಂಗಡಿಯಲ್ಲಿ. ಭಾಯಿಗೆ ನನ್ನದೇ ವಯಸ್ಸು. ಅಪ್ಪನ ಕಾಲದಿಂದ ಪಂಕ್ಚರ್ ಹಾಕಿ, ರಿಮ್ಮು ಎಳೆದು ಬದುಕಿದವರು. ಇಂಥ ಸೈಕಲ್ ಅವರಿಗೂ ಹೊಸದು. "ಫಿಕರ್ ಮಾಡ್ಬೇಡಿ ಮೇಷ್ಟ್ರೇ, ಎಲ್ಲಾ ಮೊಬೈಲ್‌ನಾಗೆ ಐತೆ" ಎಂದು ಧೈರ್ಯ ಕೊಟ್ಟರು. ಬಿಸ್ಮಿಲ್ಲಾ ಎಂದು ಮೊದಲ ನಟ್ಟು ಬಿಗಿದರು. ಆಮೇಲೆ ನಾವಿಬ್ಬರೂ ಮುರುಕು ಬೆಂಚಿನ ಮೇಲೆ ಕೂತು, ಯಾವುದೋ ದೇಶದ ಹುಡುಗನ ವಿಡಿಯೋ ಹಾಕಿ, ನಿಲ್ಲಿಸಿ, ನಟ್ಟು ಬಿಗಿದು, ಮತ್ತೆ ಹಾಕಿ, ಬಿಗಿದಿದ್ದನ್ನು ಬಿಚ್ಚಿ, ಹೀಗೆ ಎಷ್ಟೋ ಭಾನುವಾರಗಳನ್ನು ಕಳೆದೆವು. ಮೊದಲ ಸಲ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿದ್ದೆವು. ಅದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಚಹಾ ಕೊಡಲು ಬಂದಿದ್ದ ಭಾಯಿಯ ಹೆಂಡತಿ ನೋಡಿ, "ಇದ್ಯಾಕೆ ಹಿಂಗೆ ಮೂತಿ ತಿರುಗಿಸ್ಕೊಂಡಿದೆ?" ಎಂದು ಕೇಳಿದ ಮೇಲೆ ತಿಳಿಯಿತು.

ಲಂಗೋಟಿಯನ್ನು ಇಲಿಯಿಂದ ಕಾಪಾಡಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಸಾಕಿ, ಕೊನೆಗೆ ಸಂಸಾರಿಯಾದ ಸನ್ಯಾಸಿಯ ಕಥೆ ನಿಮಗೆ ಗೊತ್ತೇ ಇದೆ. ನನ್ನದೂ ಅದೇ ಆಯಿತು. ಚಕ್ರ, ಬ್ರೇಕು ಎಲ್ಲವನ್ನೂ ಮೊದಲು ಭಾಯಿಯ ಅಂಗಡಿಯ ಹಳೇ ಸಾಮಾನಿನಿಂದಲೇ ಹೊಂದಿಸಿದ್ದೆವು. ಅಗಲದ ಟೈರು ಹಾಕಿದರೆ ಹಳೇ ಬ್ರೇಕು ಮುಟ್ಟಲಿಲ್ಲ. ಡಿಸ್ಕ್ ಬ್ರೇಕು ತರಿಸಿದರೆ ಹಳೇ ಚಕ್ರಕ್ಕೆ ಡಿಸ್ಕು ಕೂರಲಿಲ್ಲ. ಚಕ್ರ ಬದಲಿಸಿದರೆ ಹಳೇ ಫ್ರೀವೀಲು ಹಿಡಿಸಲಿಲ್ಲ. ಹೊಸ ಫ್ರೀವೀಲಿನ ದೊಡ್ಡ ಹಲ್ಲುಚಕ್ರ ಊಟದ ತಟ್ಟೆಯಷ್ಟಿತ್ತು. ಅದಕ್ಕೆ ಚೈನೇ ಸಾಲಲಿಲ್ಲ. ಮುಂದೆ ಇದ್ದ ಮೂರು ಚೈನ್‌ವೀಲು ತೆಗೆದು ಒಂದೇ ಒಂದು ಚಿಕ್ಕದನ್ನು ಹಾಕಿದೆವು. ಅದರಿಂದ ಎಂಥ ಏರನ್ನೂ ರಾಗಿ ಬೀಸುವ ನಿಧಾನದಲ್ಲಿ ಹತ್ತಬಹುದಿತ್ತು. ಪ್ರತಿ ಸಲವೂ ನಾನು ವಿಮಲಳಿಗೆ "ಇದೊಂದು ಆದ್ರೆ ಮುಗೀತು" ಎನ್ನುತ್ತಿದ್ದೆ. ಪ್ರತಿ ಸಲವೂ ಅವಳು "ಹ್ಞೂಂ" ಎನ್ನುತ್ತಿದ್ದಳು.

ಪರೀಕ್ಷೆಗೆಂದು ನಾಗಮಂಗಲದ ಕಡೆಗೆ ಹೋದೆ. ಆ ನೆಲ ನಿಮಗೆ ಗೊತ್ತಲ್ಲ, ನಮ್ಮ ನಾಲೆ ಬಯಲಿನ ಹಾಗಲ್ಲ. ಕಲ್ಲು, ಗರಸು ಮಣ್ಣು, ಮಧ್ಯೆ ಮಧ್ಯೆ ಜಾಲಿ. ಒಂದು ಬೋರೆಯ ಮೇಲೆ ಕುರಿ ಮೇಯಿಸುತ್ತಿದ್ದ ಯಜಮಾನರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಮೋಟ್ರು ಎಲ್ಲೈತೆ ಇದ್ರಾಗೆ?" ಎಂದರು. ಇಲ್ಲ ಎಂದೆ. "ಮತ್ಯಾಕೆ ಇಷ್ಟು ದಪ್ಪ?" ಎಂದರು. ಉತ್ತರ ಹೊಳೆಯುವಷ್ಟರಲ್ಲಿ ಹಿಂದಿನ ಟೈರಿನಲ್ಲಿ ಜಾಲಿಮುಳ್ಳು ಮುರಿದಿತ್ತು.

ಇಷ್ಟು ದೂರ ಬಂದರೂ ಜವರನ ವಿಷಯ ಹೇಳಲೇ ಇಲ್ಲ. ಹೇಳಬೇಕಾಗಿದ್ದುದು ಅವನ ವಿಷಯವನ್ನೇ.

ಜವರ ಎಂದರೆ ಜವರೇಗೌಡ, ಒಂದನೇ ಕ್ಲಾಸಿನಿಂದಲೂ ನನ್ನ ಗೆಳೆಯ. ನಮ್ಮದು ಪಾಂಡವಪುರಕ್ಕೂ ತೊಣ್ಣೂರಿಗೂ ನಡುವಿನ ಒಂದೇ ಊರು. ನಾನು ಕೆಲಸ, ಮದುವೆ ಅಂತ ಬಾಬುರಾಯನಕೊಪ್ಪಲಿಗೆ ಬಂದೆ. ಅವನು ಅಲ್ಲೇ ಗದ್ದೆ, ಕಬ್ಬು, ಹಸು ಅಂತ ಉಳಿದ. ಸೈಕಲ್ ಕಲಿತದ್ದು ಒಟ್ಟಿಗೇ, ಬಾಡಿಗೆ ಸೈಕಲ್ಲಿನಲ್ಲಿ. ಸೀಟು ಎಟುಕದ ಕಾಲಕ್ಕೆ ಬಾರಿನ ಅಡಿಯಿಂದ ಕಾಲು ತೂರಿಸಿ ಸೊಟ್ಟಗೆ ತುಳಿಯುತ್ತಿದ್ದೆವಲ್ಲ, ಹಾಗೆ. ಅವನು ತುಳಿಯುವುದು, ನಾನು ಕ್ಯಾರಿಯರಿನ ಮೇಲೆ ಕೂತು ಸಕ್ಕರೆ ಕಾರ್ಖಾನೆಗೆ ಹೋಗುವ ಎತ್ತಿನಗಾಡಿಗಳಿಂದ ಕಬ್ಬು ಸೆಳೆಯುವುದು. ಒಂದು ಸಲ ಹಾಗೆ ಸೆಳೆದ ಗಾಡಿ ಅವನ ಅಪ್ಪನದೇ ಆಗಿತ್ತು. ಅವರು ಬಾರುಕೋಲು ಎತ್ತಿಕೊಂಡು ಇಳಿದರು. ನಾವು ಕಬ್ಬನ್ನು ಮಾತ್ರ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಜವರನ ಎದೆ ಕೈಕೊಟ್ಟಿತು. ಗದ್ದೆಯಲ್ಲೇ ಕುಸಿದ. ಮೈಸೂರಿಗೆ ಸಾಗಿಸಿ ಸ್ಟೆಂಟು ಹಾಕಿಸಿದರು. ಡಾಕ್ಟರು ಕಳಿಸುವಾಗ, ಮೆಲ್ಲಗೆ ನಡೆಯಿರಿ, ಸೈಕಲ್ ತುಳಿಯಿರಿ, ಮೈ ಆಡಿಸಿ, ಆದರೆ ಎಚ್ಚರಿಕೆ ಎಂದು ಹೇಳಿದ್ದರಂತೆ. ಅವನ ಹೆಂಡತಿ ಭಾಗ್ಯಮ್ಮನಿಗೆ ಕೇಳಿಸಿದ್ದು ಎಚ್ಚರಿಕೆ ಎಂಬುದೊಂದೇ. ಅಂದಿನಿಂದ ಜವರ ಜಗಲಿ ಬಿಟ್ಟು ಇಳಿಯಲಿಲ್ಲ. ಗದ್ದೆ, ಡೈರಿ ಎಲ್ಲ ಮಗ ನೋಡಿಕೊಳ್ಳುತ್ತಿದ್ದ. ಸೊಸೆ ಕಾಫಿ ತಂದುಕೊಡುತ್ತಿದ್ದಳು, ಮೊಮ್ಮಗಳು ಮಾತ್ರೆ. ಮನೆ ತುಂಬ ಜನ, ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಅವನು ದಿನೇ ದಿನೇ ಮಾತು ಕಮ್ಮಿ ಮಾಡುತ್ತಾ ಬಂದ. ಸ್ಕೂಲು ಮುಗಿಸಿ ನಾನು ಹೋಗಿ ಕೂತರೆ ಮೊದಲೆಲ್ಲ ಊರಿನವರ ಜಾತಕ ಬಿಚ್ಚುತ್ತಿದ್ದವನು, ಈಗ ಗೋಡೆಯ ಕಡೆ ನೋಡುತ್ತಾ, "ಇನ್ನೇನೈತೆ ಬುಡ್ಲಾ. ನಮ್ದೆಲ್ಲ ಆಯ್ತು" ಎನ್ನುತ್ತಿದ್ದ. ಮಳೆ ಬಂತು ಎಂದರೂ ಅದೇ, ಭತ್ತದ ರೇಟು ಏರಿತು ಎಂದರೂ ಅದೇ. ಹೀಗೇ ಬಿಟ್ಟರೆ ಇವನು ಉಸಿರಾಡುತ್ತಿರುವಾಗಲೇ ನನ್ನ ಕೈತಪ್ಪಿ ಹೋಗುತ್ತಾನೆ ಅನ್ನಿಸಿತು. ನನಗೆ ನಿಜವಾಗಿಯೂ ಭಯವಾಯಿತು.

ಒಂದು ಸಂಜೆ ಹಾಗೆ ಕೂತಿದ್ದಾಗ ಅವನ ಕಣ್ಣು ಬೀದಿಯಲ್ಲಿ ನಿಲ್ಲಿಸಿದ್ದ ನನ್ನ ಸೈಕಲ್ಲಿನ ಮೇಲೆ ಹೋಯಿತು. ತುಂಬ ಹೊತ್ತು ನೋಡಿದ. "ಆ ತಟ್ಟೆ ಯಾಕ್ಲಾ ಹಿಂದೆ?" ಎಂದ. ಫ್ರೀವೀಲಿನ ಗುಣಗಾನಕ್ಕೆ ನಾನು ಕಾಯುತ್ತಲೇ ಇದ್ದೆ. ಎಂಥ ಏರನ್ನೂ ಎದೆಗೆ ಭಾರವಾಗದ ಹಾಗೆ ಹತ್ತಬಹುದು ಎಂದು ಹೇಳುತ್ತಾ ಹೇಳುತ್ತಾ ನಾನೇ ನಿಂತುಬಿಟ್ಟೆ. ಇಷ್ಟು ದಿನ ನಾನು ಕಟ್ಟಿದ್ದು ಯಾರಿಗೆಂದು ಆಗ ನನಗೆ ಹೊಳೆಯಿತು. ನನ್ನ ಎದೆ ಗಟ್ಟಿಯಾಗಿಯೇ ಇದೆ. ನನಗೆ ಆ ತಟ್ಟೆ ಬೇಕಿರಲಿಲ್ಲ.

ಖಲೀಲ್ ಭಾಯಿಗೆ ಹೇಳಿದಾಗ, "ಹಂಗಾದ್ರೆ ಪೂರ್ತಿ ಬದಲಾಯಿಸ್ಬೇಕು ಮೇಷ್ಟ್ರೇ, ದಿಲ್ ಕಾ ಮಾಮ್ಲಾ" ಎಂದರು. ಬಗ್ಗಿ ಕೂರಬಾರದೆಂದು ಹ್ಯಾಂಡಲ್ ಎತ್ತರ ಮಾಡಿದೆವು. ಅಗಲದ ಸೀಟು ಬಂತು. ಮುಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿದೆವು. ಆಮೇಲೆ ಭಾಗ್ಯಮ್ಮನ ಒಪ್ಪಿಗೆ ಕೇಳಲು ಹೋದಾಗ ಅವರ ಷರತ್ತುಗಳು ಶುರುವಾದವು. "ಕ್ಯಾರಿಯರ್ ಇಲ್ದಿದ್ರೆ ಅದೆಂಥ ಸೈಕಲ್ಲು ಮೇಷ್ಟ್ರಣ್ಣ?" ಕ್ಯಾರಿಯರ್ ಬಂತು. ಮಡ್‌ಗಾರ್ಡು ಬಂತು, ಸ್ಟ್ಯಾಂಡು ಬಂತು. ಗುಡ್ಡದ ಸೈಕಲ್ಲಿಗೆ ಕ್ಯಾರಿಯರ್ ಹಾಕುವುದು ಪಟ್ಟದ ಕುದುರೆಯ ಮೇಲೆ ಸಗಣಿ ಹೇರಿದಂತೆ ಎಂದು ನಂಬಿದ್ದವನು ನಾನು. ಹಾಕಿಸಿದೆ. ಕೊನೆಯದಾಗಿ ಭಾಗ್ಯಮ್ಮ ಒಳಗೆ ಹೋಗಿ, ನಾಗಮಂಗಲದ ತವರಿನಿಂದ ಹಸುವಿನ ಜೊತೆ ಬಂದಿದ್ದ ಕಂಚಿನ ಕೊರಳಗಂಟೆಯನ್ನು ತಂದು ಹ್ಯಾಂಡಲಿಗೆ ಕಟ್ಟಿದರು. "ಇದು ನನ್ ಕಿವೀಗೆ ಬೀಳೋ ಅಷ್ಟು ದೂರ ಓಗ್ಲಿ. ಅದ್ಕಿಂತ ಮುಂದೆ ಬ್ಯಾಡ" ಎಂದರು. ಆಮೇಲೆ ಟೈರಿನಡಿ ನಿಂಬೆಹಣ್ಣು ಇಟ್ಟು, ಥಳಥಳಿಸುವ ಫೋರ್ಕಿಗೆ ಧಾರಾಳವಾಗಿ ಅರಿಶಿನ ಕುಂಕುಮ ಬಳಿದರು. ಅಲ್ಲಿಗೆ ದೂಳು ಕೂಡ ತಾಗಬಾರದೆಂದು ಆ ವಿಡಿಯೋದ ಹುಡುಗ ಹೇಳಿದ್ದ. ಜೊತೆಗೆ ಬಂದಿದ್ದ ಭಾಯಿ ನನ್ನ ಮುಖ ನೋಡಿ, ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿ ಬಾಳೆಹಣ್ಣು ಸುಲಿದುಕೊಂಡರು.

ಹೀಗೆ ಜವರನ ಸವಾರಿ ಶುರುವಾಯಿತು. ಬೆಳಗ್ಗೆ ನಾಲೆ ಏರಿಯ ಮೇಲೆ ಸ್ವಲ್ಪ ದೂರ ಹೋಗುವುದು, ಬರುವುದು. ಗಂಟೆ ಸದ್ದಿಗೆ ದಾರಿಯ ದನಗಳೆಲ್ಲ ತಲೆಯೆತ್ತುತ್ತಿದ್ದವು. ಯಾರದೋ ಕರುವೊಂದು ಹಗ್ಗ ಕಿತ್ತುಕೊಂಡು ಹಿಂದೆಯೇ ಬಂದುಬಿಡುತ್ತಿತ್ತು. ಭಾಗ್ಯಮ್ಮ ಹಾಲು ಕರೆಯುತ್ತಾ ಒಂದು ಕಿವಿಯನ್ನು ನಾಲೆಯ ಕಡೆ ಇಟ್ಟಿರುತ್ತಿದ್ದರು. ಜವರ ಮಾತಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಎಂಗೈತ್ಲಾ ಎಂದರೆ "ಐತೆ" ಎನ್ನುತ್ತಿದ್ದ, ಅಷ್ಟೇ. ಅವನು ಹೆಂಡತಿಯ ಮಾತಿಗೆ, ನನ್ನ ಮಾತಿಗೆ ತುಳಿಯುತ್ತಿದ್ದಾನೆಯೇ ಹೊರತು ತನಗಾಗಿ ಅಲ್ಲ ಎಂದು ನನಗೆ ಅನುಮಾನ.

ಅಷ್ಟರಲ್ಲಿ ಬ್ರೇಕು ಕಿರುಚಲು ಶುರುವಾಯಿತು. ಡಿಸ್ಕ್ ಬ್ರೇಕಿನ ಹಣೆಬರಹವೇ ಅದು. ಮುಂಜಾನೆ ಮಂಜಿನ ತೇವಕ್ಕೆ ಕೀಂ ಎನ್ನುತ್ತದೆ, ಬಿಸಿಲೇರಿದ ಮೇಲೆ ತಾನೇ ಸುಮ್ಮನಾಗುತ್ತದೆ. ನಮಗಿದು ಗೊತ್ತಿತ್ತು. ಜವರ ಗಾಡಿ ಹೊಡೆಯುವವರ ಮನೆಯಲ್ಲಿ ಹುಟ್ಟಿದವನು. ಕಿರುಗುಟ್ಟುವ ಗಾಡಿಯನ್ನು ಅವನಪ್ಪ ಎಂದೂ ಹಟ್ಟಿಯಿಂದಾಚೆಗೆ ಬಿಡುತ್ತಿರಲಿಲ್ಲ. ಗಾಡಿ ಅತ್ತರೆ ಗಾಡಿಯವನಿಗೆ ಮರ್ಯಾದೆಯಿಲ್ಲ ಎನ್ನುತ್ತಿದ್ದರು. ಆ ಅಳುವಿಗೆ ಅವರ ಮದ್ದು ಕೀಲೆಣ್ಣೆ: ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದ ಕಪ್ಪು ಮುದ್ದೆ. ಈಗ ಗಾಡಿಗಳಿಗೆಲ್ಲ ಟೈರು, ಬೇರಿಂಗು ಬಂದು ಕೀಲೆಣ್ಣೆಯ ಹೆಸರೇ ಮರೆತುಹೋಗಿದೆ. ಜವರನಿಗೆ ಮರೆತಿರಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಅದನ್ನು ಕಲಸಿ, ಹಿಂದಿನ ಡಿಸ್ಕಿಗೂ ಮುಂದಿನ ಡಿಸ್ಕಿಗೂ ಹಳೇ ಪಂಚೆಯ ಚೂರಿನಿಂದ ನೀಟಾಗಿ ಬಳಿದ. ಡಿಸ್ಕಿಗೆ ಎಣ್ಣೆ ತಾಗಬಾರದು ಎಂದು ಅವನಿಗೆ ಹೇಳಬೇಕೆಂಬುದು ನನಗಾಗಲಿ ಭಾಯಿಗಾಗಲಿ ಹೊಳೆದೇ ಇರಲಿಲ್ಲ. ಬ್ರೇಕಿಗೆ ಎಣ್ಣೆ ಬಿಡುವವರು ಲೋಕದಲ್ಲಿ ಇದ್ದಾರೆಂದು ಯಾರಿಗೆ ಹೊಳೆಯುತ್ತದೆ?

ಮರುದಿನ ಸ್ಟಾಫ್ ರೂಮಿನಲ್ಲಿದ್ದಾಗ ಭಾಗ್ಯಮ್ಮನ ಫೋನು ಬಂತು. "ಮೇಷ್ಟ್ರಣ್ಣ, ನಿಮ್ ಸೈಕಲ್ ಬಂದು ತಗಂಡೋಗಿ" ಎಂದು ಇಟ್ಟುಬಿಟ್ಟರು. ನಾನು ಭಾಯಿಗೆ ಫೋನು ಮಾಡಿದೆ. ಅವರು ಅಂಗಡಿ ಮುಚ್ಚಿ ಮೊಪೆಡ್ಡಿನಲ್ಲಿ ಬಂದರು. ಇಬ್ಬರೂ ಒಟ್ಟಿಗೇ ಹೋದೆವು.

ಸೈಕಲ್ಲನ್ನು ಕೊಟ್ಟಿಗೆಯ ಗೂಟಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದರು. ಅದರ ಮೈಯೆಲ್ಲ ಕೆಸರು. ಜವರ ಅದರ ಪಕ್ಕದಲ್ಲೇ ಒಂದು ಕಲ್ಲಿನ ಮೇಲೆ ಕೂತಿದ್ದ. ಅವನ ಮೈಗೇನೂ ಆಗಿರಲಿಲ್ಲ, ಮೊಣಕೈ ತರಚಿತ್ತು, ಅಷ್ಟೇ. ನಾಲೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ನೇರ ನಾಟಿ ಗದ್ದೆಗೆ ಇಳಿದುಬಿಟ್ಟಿದ್ದ. ಭಾಯಿ ಬಗ್ಗಿ ಡಿಸ್ಕಿನ ಮೇಲೆ ಬೆರಳಾಡಿಸಿ, ಮೂಸಿ, ತಲೆಯೆತ್ತಿದರು.

"ಇದೇನು ಗೌಡ್ರೇ?"

"ಕೀಲೆಣ್ಣೆ. ನಾನೇ ಮಾಡಿದ್ದು" ಎಂದ ಜವರ.

"ಬ್ರೇಕಿಗಾ?"

"ಅಳ್ತಿತ್ತಲ್ಲ. ಈಗ ನೋಡಿ, ಸೊಲ್ಲೇ ಇಲ್ಲ."

ನಿಜ, ಸೊಲ್ಲು ಅಡಗಿತ್ತು. ಭಾಯಿ ಗಂಭೀರವಾಗಿ ತಲೆಯಾಡಿಸಿದರು. ನನಗೆ ನಗು ಉಕ್ಕಿ ಬಂತು. ಆದರೆ ಭಾಗ್ಯಮ್ಮ ಹುಲ್ಲಿನ ಹೊರೆ ಇಳಿಸಿ ನನ್ನ ಎದುರಿಗೆ ನಿಂತರು. ನಗು ಹೋಯಿತು.

"ನಗ್ಬುಡಿ ಮೇಷ್ಟ್ರಣ್ಣ, ನಗೋದಾದ್ರೆ. ನಾನು ಆಲು ಕರೀತಿದ್ದೆ. ಗಂಟೆ ನಿಂತೋಯ್ತು. ಈಗ ಬಾರಿಸ್ತದೆ, ಈಗ ಬಾರಿಸ್ತದೆ ಅಂತ ಕಾದೆ. ಬಾರಿಸ್ನಿಲ್ಲ. ನಾಲೆ ಮಟ ಓಡ್ದೆ. ಓಡ್ವಾಗ ಏನೇನ್ ನೆನೆಸ್ಕಂಡೆ ಅಂತ ನಿಮ್ತಾವ ಯೋಳಕ್ಕಾಗಕ್ಕಿಲ್ಲ. ಓಗಿ ನೋಡುದ್ರೆ ಇವ್ರು ಕೆಸ್ರಲ್ಲಿ ಕೂತವ್ರೆ. ನಂಗೆ ಸೈಕಲ್ಲೂ ಬ್ಯಾಡ, ಏನೂ ಬ್ಯಾಡ. ಜಗಲಿ ಮೇಲೆ ಕೂತಿದ್ರೂ ಇರ್ಲಿ, ಇದ್ರೆ ಸಾಕು."

ಅವರ ಕಡೆಯೇ ನ್ಯಾಯ ಇತ್ತು. ಸೈಕಲ್ ಒಯ್ಯುವುದೇ ಸರಿ ಎಂದುಕೊಂಡು ಬೀಗದ ಕೀಲಿ ಕೇಳಬೇಕು, ಅಷ್ಟರಲ್ಲಿ ಭಾಯಿ ಸುಮ್ಮನಿರಲಾರದೆ ಬಕೆಟ್ಟಿನ ನೀರಿನಲ್ಲಿ ಸೋಪಿನ ಪುಡಿ ಕಲಸಿ ಡಿಸ್ಕು ಉಜ್ಜಲು ಕೂತರು. ಕೊಂಡೊಯ್ಯುವಾಗಲಾದರೂ ಬ್ರೇಕು ಬೇಕಲ್ಲ ಎಂದು ಇರಬೇಕು. ಎರಡು ಸಲ ಉಜ್ಜಿರಲಿಲ್ಲ, ಜವರ ಎದ್ದು ಬಂದ.

"ಕೊಡಿಲ್ಲಿ ಭಾಯಿ. ನಾನ್ ಬಳ್ದಿದ್ದು, ನಾನೇ ತೊಳೀತೀನಿ. ಅಂಗೆ ಉಜ್ಜುದ್ರೆ ಓಗಕ್ಕಿಲ್ಲ ಅದು."

ಬ್ರಷ್ಷು ಕಿತ್ತುಕೊಂಡು, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಎತ್ತಿನ ಮೈ ತೊಳೆದಂತೆ ತೊಳೆಯಲು ಶುರುಮಾಡಿದ. ಸೋಪಿಗೆ ಬಗ್ಗದಿದ್ದಾಗ ಸೊಸೆಯನ್ನು ಕೂಗಿ ಸೀಗೆಪುಡಿ ತರಿಸಿದ. ಅಲ್ಲಿ ನೀರು ಬುಡಿ, ಇಲ್ಲಿ ತಿರುಗ್ಸಿ ಎಂದು ಭಾಯಿಗೆ ಕೆಲಸ ಹೇಳಿದ. ನನಗೂ ಹೇಳಿದ: "ಸುಮ್ಕೆ ನಿಂತವ್ನೆ ನೋಡು ಮೇಷ್ಟ್ರು. ಆ ಚಕ್ರ ಎತ್ಲಾ." ನಾನು ಎತ್ತಿ ಹಿಡಿದೆ. ಎರಡು ವರ್ಷದಿಂದ ಅವನಿಂದ ಬೈಸಿಕೊಂಡಿರಲಿಲ್ಲ. ಎಷ್ಟು ಹಿತವಾಯಿತು ಎಂದರೆ ಇನ್ನೊಂದೆರಡು ಬೈಯಲಿ ಎಂದು ಚಕ್ರವನ್ನು ಬೇಕೆಂದೇ ಸೊಟ್ಟಗೆ ಹಿಡಿದೆ.

ಭಾಗ್ಯಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ನೋಡುತ್ತಲೇ ನಿಂತಿದ್ದರು. ತುಂಬ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಮೇಷ್ಟ್ರಣ್ಣ, ನಿನ್ನೆ ಮದ್ಯಾನ ಅವ್ರೇ ಎದ್ದು ಅಡುಗೆಮನೇಗೆ ಬಂದ್ರು. ಅರಳೆಣ್ಣೆ ಎಲ್ಲಿಟ್ಟಿದ್ದೀಯ ಅಂದ್ರು. ಯಾಕೆ ಅಂದ್ರೆ ಯೋಳ್ನಿಲ್ಲ. ಇತ್ಲಲ್ಲಿ ಕೂತು ಉಲ್ಲು ಸುಟ್ರು. ಆಸ್ಪತ್ರೆಯಿಂದ ಬಂದ್ಮೇಲೆ ಒಂದು ಕೆಲ್ಸ ಅಂತ ಎದ್ದಿದ್ದು ಅದೇ ಮೊದ್ಲು. ನಂಗೆ ಆಗ್ಲೇ ಒಟ್ಟೆ ತಣ್ಣಗಾಯ್ತು ಕಣಣ್ಣ. ಅದುನ್ನ ಸೈಕಲ್ಲಿಗೆ ಮೆತ್ತುತಾರೆ ಅಂತ ಯಾರ್ ಕಂಡಿದ್ರು."

ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು, ನನಗೆ ಕೊಡದೆ, ನೇರವಾಗಿ ಗಂಡನ ಕೈಗೆ ಕೊಟ್ಟರು. "ಬ್ರೇಕ್ ನೆಟ್ಗಾಗೋಗಂಟ ಏರಿ ಕಡೀಕೆ ಓಗ್ಬಾರ್ದು" ಎಂದರು.

ಎಣ್ಣೆ ಕುಡಿದ ಬ್ರೇಕ್ ಪ್ಯಾಡು ಸೀಗೆಪುಡಿಗೆ ಸರಿಹೋಗುವುದಿಲ್ಲ. ಭಾಯಿ ಹೊಸದು ತರಿಸಿ ಹಾಕಿದರು. ಅದೂ ಮಂಜಿನಲ್ಲಿ ಕಿರುಚುತ್ತದೆ. ಜವರ ಈಗ ಅದಕ್ಕೆ ಎಣ್ಣೆ ಹಾಕುವುದಿಲ್ಲ, ಬೈಯುತ್ತಾನೆ. ಅವನಿಗೆ ಬೈಗುಳ ವಾಪಸು ಬಂದದ್ದು ಊರಿಗೆಲ್ಲ ಗೊತ್ತಾಗಿದೆ.

ಆ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಭಾನುವಾರ ತೊಣ್ಣೂರು ಕೆರೆಗೆ ಹೋಗೋಣ ಎಂದ. ಅವನೇ ಎಂದದ್ದು. ಭಾಗ್ಯಮ್ಮ ಹ್ಯಾಂಡಲಿನಿಂದ ಗಂಟೆ ಬಿಚ್ಚಿಕೊಂಡರು. "ಅಲ್ಲೀಗಂಟ ನಂಗೆ ಕೇಳಕ್ಕಿಲ್ಲ. ನೀವೇ ನೋಡ್ಕಳಿ ಅಣ್ಣ" ಎಂದು ನನಗೆ ಹೇಳಿ, ತಿರುಗಿ ನೋಡದೆ ಒಳಗೆ ಹೋದರು.

ಅವನು ಹೊಸ ಸೈಕಲ್ಲಿನಲ್ಲಿ, ನಾನು ನನ್ನ ಗೇರಿಲ್ಲದ ಹಳೇ ಸೈಕಲ್ಲಿನಲ್ಲಿ. ಬಯಲು ದಾರಿಯುದ್ದಕ್ಕೂ ಊರಿನವರ ಜಾತಕ ಬಿಚ್ಚುತ್ತಾ ಬಂದ. ಕೆರೆಯ ಹತ್ತಿರ ದಾರಿ ಏರುತ್ತದೆ. ಹುಡುಗರಾಗಿದ್ದಾಗ ಆ ಏರಿನಲ್ಲಿ ನಾನು ಎಷ್ಟೋ ಸಲ ಇಳಿದಿದ್ದೇನೆ. ಜವರ ಒಂದು ದಿನವೂ ಇಳಿದವನಲ್ಲ. ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡೇ, ಪೆಡಲಿನ ಮೇಲೆ ಎದ್ದು ನಿಂತು, ಅಂಗಿ ತೊಯ್ದು ತೊಪ್ಪೆಯಾಗುವವರೆಗೆ ತುಳಿದು ಹತ್ತಿಸಿದ್ದಾನೆ. ಇಳಿದು ತಳ್ಳುವವರನ್ನು ಅವನು ಗಂಡಸರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆದ್ದರಿಂದ ಏರು ಶುರುವಾದೊಡನೆ ನನಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಇವನು ಹಟಕ್ಕೆ ಬಿದ್ದರೆ ಏನು ಗತಿ ಎಂದು. ಅವನು ಗೇರು ಬದಲಿಸಿದ, ಮತ್ತೆ ಬದಲಿಸಿದ. ಚೈನು ಮೆಲ್ಲಗೆ ಮೇಲೇರುತ್ತಾ ಹೋಯಿತು. ಅರ್ಧ ಏರು ಹೀಗೇ ಸಾಗಿತು. ಅವನ ಬೆನ್ನಿನ ಮೇಲೆ ಅಂಗಿ ತೊಯ್ಯತೊಡಗಿತ್ತು. ಉಸಿರು ನನಗೆ ಕೇಳಿಸುತ್ತಿತ್ತು.

ಜವರ ಬ್ರೇಕು ಹಿಡಿದ. ಕಾಲು ನೆಲಕ್ಕೆ ಊರಿದ. ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ನಿಂತು ಉಸಿರು ಎಳೆದುಕೊಂಡ. ಅವನಿಗೆ ಬೇಸರವಾಗಬಾರದೆಂದು ನಾನು ಏನಾದರೂ ಹೇಳಬೇಕಲ್ಲ ಎಂದು, "ಇನ್ನೂ ಒಂದು ಗೇರ್ ಐತೆ ಕಣ್ಲಾ, ಆ ತಟ್ಟೆ. ಅದುಕ್ಕಾಕುದ್ರೆ ಅತ್ತಿಬುಡ್ಬೋದು" ಎಂದೆ.

"ಐತೆ, ಗೊತ್ತು" ಎಂದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಏರಿನ ಕಡೆ ಹೆಜ್ಜೆ ಹಾಕಿದ. ನಾನು ಅವನನ್ನೇ ನೋಡಿದೆ. ನಾನೂ ಇಳಿದೆ. ಎರಡು ಹೆಜ್ಜೆ ಹೋಗಿ ಅವನು ನಿಂತು, ತಿರುಗಿ ನನ್ನ ಮುಖ ನೋಡಿದ.

"ಯಾಕ್ಲಾ ಅಂಗ್ ನೋಡ್ತೀಯ? ಇಳ್ದೆ, ಅಷ್ಟೇಯ. ನಾಳೀಕೂ ಬರ್ಬೇಕಲ್ವೇನ್ಲಾ."